ಕಾಲು ಎಲ್ಲಿ ನಿಂತಿತು? ಯುಕುಲೇಲೆ ಜೊತೆಗಿನ ನನ್ನ ಅನುಭವ

ಯುಕುಲೇಲೆ ಅಂದರೆ ಗಿಟಾರಿನಂಥ, ನಾಲ್ಕು ತಂತಿಯ ಪುಟ್ಟ ವಾದ್ಯ. ಅದರಲ್ಲಿ ಸುಮಾರು ಎರಡು ವರ್ಷ ನಾನು ನಿಂತಲ್ಲೇ ನಿಂತಿದ್ದೆ. ಸಿ, ಎ ಮೈನರ್, ಎಫ್, ಜಿ ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಲ್ಲವನ್ನೂ ಕಣ್ಣು ಮುಚ್ಚಿ ಹಿಡಿಯುತ್ತಿದ್ದೆ. ಹಾಡುವವರ ಜೊತೆ ಕೂತು ನುಡಿಸುತ್ತಿದ್ದೆ. ಆದರೆ ಎರಡನೇ ಸಾಲು ಬರುವಷ್ಟರಲ್ಲಿ ಹಾಡುವವರು ತಿರುಗಿ ನನ್ನ ಮುಖ ನೋಡುತ್ತಿದ್ದರು. ಬಾಯಿಬಿಟ್ಟು ಯಾರೂ ಏನೂ ಹೇಳಲಿಲ್ಲ. ಆ ನೋಟವೇ ಸಾಕಿತ್ತು.

ಬೇರೆಯವರು ಜಾಸ್ತಿ ಅಭ್ಯಾಸ ಮಾಡು ಅಂದರು. ಮಾಡಿದೆ. ದಿನಕ್ಕೆ ಒಂದೂವರೆ ಗಂಟೆ, ಬೆರಳ ತುದಿ ಜಡ್ಡುಗಟ್ಟುವವರೆಗೆ. ತಪ್ಪನ್ನೇ ಅಷ್ಟು ಹೊತ್ತು ಸಾಧನೆ ಮಾಡುತ್ತಿದ್ದೆ ಅಂತ ಗೊತ್ತಾಗಿದ್ದು ಆಮೇಲೆ.

ದುಡ್ಡು ಕಳೆದುಕೊಂಡ ಕಥೆ ಮೊದಲು ಹೇಳಿಬಿಡುತ್ತೇನೆ. ನನ್ನ ಹತ್ತಿರ ಇದ್ದ ಸೊಪ್ರಾನೊ (ಚಿಕ್ಕ ಗಾತ್ರದ ಯುಕುಲೇಲೆ) ನನ್ನ ಬೆರಳಿಗೆ ಚಿಕ್ಕದು ಅಂತ ನಾನೇ ತೀರ್ಮಾನ ಮಾಡಿಕೊಂಡು ಅದಕ್ಕಿಂತ ದೊಡ್ಡ ಟೆನರ್ ಕೊಂಡೆ. ಮೀಟುವ ತಂತಿಯ ಉದ್ದದಲ್ಲಿ 13 ಇಂಚಿನ ಅಳತೆಯಿಂದ 17 ಇಂಚಿಗೆ ಹೋದೆ. ಮೊದಲನೆಯದರ ಮೂರರಷ್ಟು ಬೆಲೆ. ಆಮೇಲೆ ನಾಲ್ಕು ಸಲ ತಂತಿ ಬದಲಿಸಿದೆ: ನೈಲಾನ್, ಫ್ಲೋರೋಕಾರ್ಬನ್, ಮತ್ತೆ ನೈಲಾನ್, ಕೊನೆಗೆ ಲೋ ಜಿ (ಕೆಳಗಿನ ಶ್ರುತಿಯ ಜಿ ತಂತಿ). ಜೊತೆಗೆ ಸ್ಟ್ರ್ಯಾಪ್, ಕ್ಯಾಪೊ, ಫೆಲ್ಟ್ ಪಿಕ್. ಒಬ್ಬರ ಹತ್ತಿರ ಎಂಟು ಆನ್‌ಲೈನ್ ಪಾಠವನ್ನೂ ತೆಗೆದುಕೊಂಡೆ. ಎಂಟೂ ಸಲ ಸಿಕ್ಕ ಅಭಿಪ್ರಾಯ ಒಂದೇ: "ಚೆನ್ನಾಗಿ ಬರ್ತಿದೆ, ಹೀಗೇ ಮುಂದುವರಿಸಿ." ಒಟ್ಟು ಖರ್ಚಿನಲ್ಲಿ ಇನ್ನೊಂದು ಟೆನರ್ ಬರುತ್ತಿತ್ತು. ಹಾಡುವವರು ಮಾತ್ರ ಮುಖ ನೋಡುವುದನ್ನು ಬಿಡಲಿಲ್ಲ.

ರೆಕಾರ್ಡ್ ಮಾಡಿ ಕೇಳುತ್ತೇನೆ ಅಂದಾಗ ಜೊತೆಗೆ ನುಡಿಸುವ ಇಬ್ಬರೂ ನಕ್ಕರು. "ನಿನ್ನದು ನಿನಗೇ ಬೇಜಾರಾಗಿ ವಾದ್ಯ ಮೂಲೆಗೆ ಹಾಕ್ತೀಯ, ನೋಡ್ತಿರು" ಅಂತ ಒಬ್ಬ. ಮೊದಲ ತಿಂಗಳು ಆಗಿದ್ದು ಅದರ ಉಲ್ಟಾ. ನುಡಿಸಿದ ತಕ್ಷಣ ಕೇಳುತ್ತಿದ್ದೆ, ಅಲ್ಲೇ ಎಡವಟ್ಟಾಗಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ. ಕೈ ಬಿಸಿ ಆರುವ ಮೊದಲು ಕೇಳಿದರೆ ನುಡಿಸಬೇಕು ಅಂದುಕೊಂಡಿದ್ದು ಕೇಳಿಸುತ್ತದೆ, ನುಡಿಸಿದ್ದು ಕೇಳಿಸುವುದಿಲ್ಲ. ವಿಡಿಯೋ ಇನ್ನೂ ಕೆಟ್ಟದು. ಬೆರಳು ಬಿಟ್ಟು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದೆ. ನುಡಿಸುವಾಗ ನಾಲಿಗೆ ಹೊರಗೆ ಚಾಚುತ್ತೇನಂತೆ, ಅದೊಂದು ಗೊತ್ತಾಯಿತು.

ಆಮೇಲೆ ಹೀಗೆ ಬದಲಿಸಿದೆ. ರಾತ್ರಿ 40 ಸೆಕೆಂಡ್ ಮಾತ್ರ ನುಡಿಸಿ ರೆಕಾರ್ಡ್ ಮಾಡುವುದು, ಬರೀ ದನಿ. ಕೇಳುವ ಹಾಗಿಲ್ಲ. ಬೆಳಿಗ್ಗೆ ವಾದ್ಯ ಮುಟ್ಟುವ ಮೊದಲು ಒಂದೇ ಸಲ ಕೇಳುವುದು. ಹತ್ತು ತಪ್ಪು ಕೇಳಿಸಿದರೂ ಒಂದನ್ನು ಮಾತ್ರ ಬರೆದುಕೊಳ್ಳುವುದು. ಆ ದಿನದ ಮೊದಲ ಹತ್ತು ನಿಮಿಷ ಆ ಒಂದು ತಪ್ಪಿಗೆ. ಉಳಿದ ಹೊತ್ತು ಏನು ಬೇಕಾದರೂ ನುಡಿಸಬಹುದು. ಯಾವ ತಪ್ಪನ್ನು ಆರಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಎರಡು ವಾರ ಮಾಡಿದರೆ ನಿಮಗೇ ಹೊಳೆಯುತ್ತದೆ.

ಅಷ್ಟಕ್ಕೇ ನಿಂತಿದ್ದರೆ ಅರ್ಧ ಗೆಲುವು. ನನ್ನ ಕಿವಿಗೆ ಬೀಳದ ತಪ್ಪುಗಳೂ ಇದ್ದವಲ್ಲ. ಬೇರೆಯವರಿಗೆ ಕಳಿಸಿ "ಹೇಗಿದೆ?" ಅಂದರೆ "ಸೂಪರ್" ಅಂತ ಬರುತ್ತಿತ್ತು. ಪಾಪ, ಇನ್ನೇನು ಹೇಳಿಯಾರು? ಹಾಗಾಗಿ ಪ್ರಶ್ನೆಯನ್ನೇ ಬದಲಿಸಿದೆ. "ಕೇಳುವಾಗ ಕಾಲಲ್ಲಿ ತಾಳ ಹಾಕಿ. ಕಾಲು ಎಲ್ಲಿ ನಿಂತಿತು, ಎಷ್ಟನೇ ಸೆಕೆಂಡು ಅಂತ ಮಾತ್ರ ಹೇಳಿ." ಸಂಗೀತದ ಗಂಧ ಇಲ್ಲದವರೂ ಇದಕ್ಕೆ ಉತ್ತರ ಕೊಡುತ್ತಾರೆ. ಮೂರು ಜನಕ್ಕೆ ಕಳಿಸಿದೆ. ಮೂವರೂ 11 ಅಥವಾ 12 ಅಂದರು. ಅವರಲ್ಲಿ ಒಬ್ಬ ನಕ್ಕವನೇ.

ಹನ್ನೊಂದನೇ ಸೆಕೆಂಡಿನಲ್ಲಿ ಏನಿತ್ತು? ಎ ಇಂದ ಇ ಕಾರ್ಡಿಗೆ ಹೋಗುವ ಜಾಗ. 4442, ಅಂದರೆ ಮೂರು ತಂತಿಯನ್ನು ನಾಲ್ಕನೇ ಫ್ರೆಟ್ಟಿನಲ್ಲಿ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ), ಕೊನೆಯದನ್ನು ಎರಡನೆಯದರಲ್ಲಿ ಒತ್ತಬೇಕು. ನಮ್ಮೆಲ್ಲರ ಶತ್ರು. ಬೆರಳು ಕೂರುತ್ತಿಲ್ಲ ಅಂದುಕೊಂಡು ಮೂರು ವಾರ ಬೆರಳನ್ನೇ ತಿದ್ದಿದೆ. ಒಂದೇ ಬೆರಳು ಅಡ್ಡ ಮಡಿಸಿ ನೋಡಿದೆ, ಮೂರು ಬೆರಳು ತುರುಕಿ ನೋಡಿದೆ, ಅದೇ ಕಾರ್ಡನ್ನು 1402 ಆಗಿ ಹಿಡಿದೂ ನೋಡಿದೆ. ಉಪಯೋಗ ಆಗಲಿಲ್ಲ. ಕೊನೆಗೆ ಅರ್ಧ ವೇಗದಲ್ಲಿ ಕೇಳಿದಾಗ ಗೊತ್ತಾಯಿತು, ಇ ಕಾರ್ಡಿನದೇನೂ ತಪ್ಪಿಲ್ಲ. ಅದರ ಹಿಂದಿನ ಎ ಕಾರ್ಡನ್ನು ನಾನು ಕೊನೆಯ ಅಪ್‌ಸ್ಟ್ರೋಕ್‌ವರೆಗೂ (ಕೈ ಮೇಲಕ್ಕೆ ಮೀಟುವ ಹೊಡೆತ) ಜಿಗಣೆ ಥರ ಹಿಡಿದುಕೊಂಡಿದ್ದೆ. ಬಿಟ್ಟು ಹಾರುವುದಕ್ಕೆ ಸಮಯವೇ ಇರಲಿಲ್ಲ. ಈಗ ಆ ಕೊನೆಯ ಅಪ್‌ಸ್ಟ್ರೋಕ್ ಹೊತ್ತಿಗೆ ಬೆರಳು ಗಾಳಿಯಲ್ಲಿರುತ್ತದೆ. ಬಲಗೈ ಖಾಲಿ ತಂತಿಯನ್ನೇ ಮೀಟುತ್ತದೆ. ಜಿ, ಸಿ, ಇ, ಎ ನಾಲ್ಕೂ ಸೇರಿದರೆ ಹೇಗೂ ಸಿ 6 ಕಾರ್ಡ್. ಆ ಅರ್ಧ ಕ್ಷಣ ಯಾರ ಕಿವಿಗೂ ಚುಚ್ಚುವುದಿಲ್ಲ. ಆದರೆ ತಾಳ ತಪ್ಪಿದರೆ ಎಲ್ಲರಿಗೂ ಚುಚ್ಚುತ್ತದೆ. ನಾಲ್ಕೇ ದಿನದಲ್ಲಿ ಕಾಲು ನಿಲ್ಲುವುದು 11ರಿಂದ 27ಕ್ಕೆ ಹೋಯಿತು. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

27ರಲ್ಲಿ ಸಿಕ್ಕಿದ್ದು ಬೇರೆ. ಅಲ್ಲಿ ನನ್ನ ಡೌನ್‌ಸ್ಟ್ರೋಕ್ ಜಿ ತಂತಿಯ ಮೇಲೆ ಗುದ್ದುತ್ತಿತ್ತು. ಹೈ ಜಿ ಇದ್ದರೆ ಅದು ಎ ತಂತಿಗಿಂತ ಒಂದೇ ಸ್ವರ ಕೆಳಗೆ. ಗುದ್ದಿದರೆ ರಾಗದ ಮೇಲೆ ಅದೇ ಕೂತುಬಿಡುತ್ತದೆ. ಲೋ ಜಿ ಹಾಕಿದ್ದಾಗ ಈ ತಪ್ಪು ಅಡಗಿತ್ತು, ಬರೀ ದಪ್ಪ ದನಿ ಅನ್ನಿಸುತ್ತಿತ್ತು. ಹಾಗಾಗಿ ಮತ್ತೆ ಹೈ ಜಿಗೆ ಬಂದೆ.

ನಡುವೆ ಇನ್ನೊಂದು ಪ್ರಯೋಗ. ಬೆಳಗಿನ ರೆಕಾರ್ಡಿಂಗ್‌ನಲ್ಲಿ ಎಫ್ ಕಾರ್ಡ್ ಯಾವಾಗಲೂ ಒಂಚೂರು ಹುಳಿ, ಶ್ರುತಿ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ವಾದ್ಯವನ್ನು ಬೈದೆ. ಟ್ಯೂನರ್ (ಶ್ರುತಿ ತೋರಿಸುವ ಸಾಧನ) ಸಿಕ್ಕಿಸಿ ನೋಡಿದರೆ ಅರ್ಧ ತಪ್ಪು ನನ್ನದೇ. ಒತ್ತುವುದು ಜಾಸ್ತಿ. ಒತ್ತಿದಷ್ಟೂ ಶ್ರುತಿ ಮೇಲಕ್ಕೆ ಹೋಗುತ್ತದೆ. ತಂತಿ ಗುಂಯ್‌ಗುಡುವಷ್ಟು ಹಗುರ ಮಾಡಿ, ಅಲ್ಲಿಂದ ಸ್ವಲ್ಪವೇ ಬಿಗಿ ಮಾಡುವ ಅಭ್ಯಾಸ ಶುರು ಮಾಡಿದೆ. ಹೆಬ್ಬೆರಳ ನೋವೂ ಹೋಯಿತು. ಇನ್ನರ್ಧ ಮಾತ್ರ ನಿಜಕ್ಕೂ ನೆಲದ ಡೊಂಕು. ನಟ್ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಎತ್ತರವಾಗಿತ್ತು, ಮೊದಲ ಫ್ರೆಟ್ಟಿನಲ್ಲಿ ಹಗುರವಾಗಿ ಒತ್ತಿದರೂ ಟ್ಯೂನರಿನ ಮುಳ್ಳು ಮೇಲಕ್ಕೆ ಹೋಗುತ್ತಿತ್ತು. ನಾನೇ ಸಣ್ಣ ಅರದಿಂದ ಉಜ್ಜಿದೆ. ಇ ತಂತಿಯ ಕಚ್ಚು ಆಳವಾಗಿ, ಖಾಲಿ ತಂತಿ ಕರಕರ ಅನ್ನತೊಡಗಿತು. ಅಡುಗೆ ಸೋಡಾ ಒಂದು ಚಿಟಿಕೆ, ಮೇಲೆ ಸೂಪರ್ ಗ್ಲೂ ಒಂದು ಹನಿ. ಕಲ್ಲಿನಂತೆ ಗಟ್ಟಿಯಾಯಿತು. ಮತ್ತೆ ಉಜ್ಜಿದೆ, ಈ ಸಲ ಐದೈದು ಎಳೆತಕ್ಕೆ ಒಮ್ಮೆ ತಂತಿ ಕೂರಿಸಿ ನೋಡುತ್ತಾ. ನನ್ನ ಎಲ್ಲಾ ಖರ್ಚಿನಲ್ಲಿ ಪೂರ್ತಿ ವಸೂಲಾಗಿದ್ದು ಆ ಅರವೊಂದೇ.

ಬ್ಲೂಟೂತ್ ಹೆಡ್‌ಫೋನ್ ವಿಷಯ ಹೇಳದಿದ್ದರೆ ನಿಮಗೂ ಒಂದು ವಾರ ಹಾಳಾದೀತು. ಮೆಟ್ರೋನಮ್ (ಟಿಕ್ ಟಿಕ್ ಅಂತ ತಾಳ ಕೊಡುವ ಸಾಧನ) ಅದರಲ್ಲಿ ಕೇಳುತ್ತಾ, ಅದರ ಮೇಲೆ ನನ್ನ ನುಡಿಕೆ ಕೂರಿಸಿ ರೆಕಾರ್ಡ್ ಮಾಡುತ್ತಿದ್ದೆ. ಬೆಳಿಗ್ಗೆ ಕೇಳಿದರೆ ಪ್ರತಿ ಬೀಟಿಗೂ ನಾನು ಹಿಂದೆ. ಕುಗ್ಗಿಹೋದೆ. ಏಳನೇ ದಿನ ಅನುಮಾನ ಬಂತು: ನನ್ನ ತಪ್ಪಾಗಿದ್ದರೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಇರಬೇಕಲ್ಲ? ಇಷ್ಟು ಶಿಸ್ತಾಗಿ ತಡವಾಗುವಷ್ಟು ಚೆನ್ನಾಗಿ ನಾನು ನುಡಿಸುವುದಿಲ್ಲ. ವೈರ್ ಇರುವ ಇಯರ್‌ಫೋನ್ ಹಾಕಿದೆ, ಸರಿಹೋಯಿತು. ದನಿ ನನ್ನ ಕಿವಿಗೆ ಬರುವುದೇ ತಡವಾಗಿತ್ತು.

ಮೆಟ್ರೋನಮ್ ಬಗ್ಗೆ ಒಂದೇ ಮಾತು. ನಿಮಿಷಕ್ಕೆ 80ರಲ್ಲಿ ನಾಲ್ಕೂ ಬೀಟಿಗೆ ಟಿಕ್ ಇಟ್ಟುಕೊಂಡರೆ ಅದು ಊರುಗೋಲು. 40ಕ್ಕೆ ಇಳಿಸಿ, ಆ ಟಿಕ್‌ಗಳನ್ನು ಎರಡು ಮತ್ತು ನಾಲ್ಕನೇ ಬೀಟ್ ಅಂತ ಎಣಿಸಿಕೊಂಡೆ. ಮೊದಲ ದಿನ ಒಂದು ನಿಮಿಷ ನಿಲ್ಲಲಾಗಲಿಲ್ಲ. ಮೂರನೇ ವಾರಕ್ಕೆ ಹಾಡು ಪೂರ್ತಿ ಹೋಯಿತು.

ಒಟ್ಟು ಸುಮಾರು ಐದು ತಿಂಗಳು. ನೋಟ್‌ಬುಕ್ಕಿನಲ್ಲಿ 130ರ ಹತ್ತಿರ ಸಾಲುಗಳಿವೆ, ಬಿಟ್ಟ ದಿನಗಳೂ ಇವೆ. ಕಳೆದ ತಿಂಗಳು ಒಂದು ಹಾಡಿಗೆ ಕೂತಾಗ ಹಾಡುವವರು ಕಣ್ಣು ಮುಚ್ಚಿಕೊಂಡೇ ಕೊನೆಯವರೆಗೆ ಹೋದರು. ನಕ್ಕ ಗೆಳೆಯ ಈಗ ವಾರಕ್ಕೆರಡು ರೆಕಾರ್ಡಿಂಗ್ ಕಳಿಸುತ್ತಾನೆ. ಅವನದರಲ್ಲಿ ನನ್ನ ಕಾಲು ಎಂಟನೇ ಸೆಕೆಂಡಿಗೇ ನಿಲ್ಲುತ್ತದೆ.

ನನಗೆ ಇನ್ನೂ ಬಗ್ಗದೇ ಇರುವುದು ಟ್ರಿಪ್ಲೆಟ್ ಸ್ಟ್ರಮ್, ಒಂದು ಬೀಟಿಗೆ ಮೂರು ಹೊಡೆತ. ನಿಧಾನದಲ್ಲಿ ಮೂರೂ ಹೊಡೆತ ಸಮ. 90 ದಾಟಿದರೆ ಹೆಬ್ಬೆರಳಿನ ಹೊಡೆತ ಅರ್ಧ ನುಂಗಿಹೋಗುತ್ತದೆ. ನಿನ್ನೆಯ ಸಾಲಿನಲ್ಲೂ ಅದೇ ಬರೆದಿದ್ದೇನೆ, ಸತತ ಆರನೇ ಸಲ.