ಕೆಳಗಿನಿಂದ ಹತ್ತಿಸಿ ತೋರಿಸಿದ ಉದ್ಯಾನ

ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿರುವ ಅಂಟರ್‌ಮೈಯರ್ ಉದ್ಯಾನಕ್ಕೆ ಊರಿನಿಂದ ಬಂದ ಹಿರಿಯರನ್ನು ಮುಂಬಾಗಿಲಿನಿಂದ ಕರೆದೊಯ್ಯದೆ, ಒಂದು ಕಾಲದಲ್ಲಿ ನ್ಯೂಯಾರ್ಕಿಗೆ ಕುಡಿಯುವ ನೀರು ತರುತ್ತಿದ್ದ, ಕೆಳಗಿನ ಹಳೆಯ ಕ್ರೋಟನ್ ಕಾಲುವೆಯ ದಾರಿಯಿಂದ ಹತ್ತಿಸಬೇಕೆಂದು ನಾನು ಹೇಳಿದಾಗ ನಮ್ಮ ಕನ್ನಡ ಬಳಗದವರು ಯಾರೂ ಒಪ್ಪಲಿಲ್ಲ. ಮೊದಲ ಸಲ ಅವರ ಮಾತೇ ನಿಜವಾಯಿತು. ಹದಿನಾಲ್ಕು ಜನರಲ್ಲಿ ಐವರು ಮಂಡಿನೋವೆಂದು ನಡುದಾರಿಯಲ್ಲೇ ಕುಳಿತರು. ವ್ಯಾನಿನ ಬಾಡಿಗೆ, ಸುಮಾರು 260 ಡಾಲರ್, ನನ್ನ ಕೈಯಿಂದಲೇ ಹೋಯಿತು. ಎರಡನೆಯ ಸಲ ಮಳೆ ಬಂದು ಇನ್ನೊಂದು ನೂರು ಡಾಲರ್ ಹೋಯಿತು.

ಆದರೂ ಹಟ ಬಿಡಲಿಲ್ಲ. ಮುಂಬಾಗಿಲಿನಿಂದ ಹೋದವರು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಇದನ್ನು ಕೊಟ್ಟವರು ಯಾರೆಂದು ಕೇಳುತ್ತಿರಲಿಲ್ಲ. ಈಗ ನಡೆಯಲಾರದವರನ್ನು ಕಾರಿನಲ್ಲಿ ಮೇಲಕ್ಕೆ ಕಳುಹಿಸಿ, ಉಳಿದವರನ್ನು ಕಾಡಿನ ಅಂಚಿನ ಪಾಳುಬಿದ್ದ ಕಾವಲುಮನೆಯ ಮುಂದೆ ನಿಲ್ಲಿಸಿ, ದಾನದ ಕಥೆಯನ್ನು ಅಲ್ಲಿಯೇ ಹೇಳುತ್ತೇನೆ. ಸ್ಯಾಮ್ಯುಯೆಲ್ ಅಂಟರ್‌ಮೈಯರ್ ಎಂಬ ಸಿರಿವಂತ ವಕೀಲರು 1899ರಲ್ಲಿ ಈ ಗ್ರೇಸ್ಟೋನ್ ಎಸ್ಟೇಟನ್ನು ಕೊಂಡರು. 1916ರಲ್ಲಿ ವಾಸ್ತುಶಿಲ್ಪಿ ವೆಲ್ಸ್ ಬಾಸ್‌ವರ್ತ್ ಅವರಿಂದ ಉದ್ಯಾನದ ವಿನ್ಯಾಸ ಮಾಡಿಸಿ, ಅರವತ್ತು ತೋಟಗಾರರನ್ನಿಟ್ಟು ಬೆಳೆಸಿದರು. ಅದನ್ನು ಜನರಿಗೆ ಬಿಟ್ಟುಕೊಡಬೇಕೆಂಬುದು ಅವರ ಆಸೆಯಾಗಿತ್ತು. ಆದರೆ ಉಸ್ತುವಾರಿಯ ಖರ್ಚಿಗೆ ಹೆದರಿ ಸರ್ಕಾರಗಳು ಹಿಂಜರಿದವು. 1940ರಲ್ಲಿ ಅವರು ತೀರಿಕೊಂಡರು. 1946ರಲ್ಲಷ್ಟೇ ಎಸ್ಟೇಟಿನ ಒಂದು ಭಾಗ ನಗರದ ಉದ್ಯಾನವಾಯಿತು. ಮುಂದೆ ಬಹುಕಾಲ ಹಾಳುಸುರಿದ ಈ ಜಾಗಕ್ಕೆ 2011ರ ನಂತರವೇ ಮರುಜೀವ ಬಂದಿತು. ಬಿರುಕುಬಿಟ್ಟ ಆ ಗೋಡೆಯನ್ನು ಕಣ್ಣೆದುರಿಗಿಟ್ಟುಕೊಂಡು ಇದನ್ನು ಕೇಳಿದವರಿಗೆ, ಕೊಡುವುದಕ್ಕಿಂತ ಕಾಪಾಡುವುದು ಎಷ್ಟು ಕಷ್ಟವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಮ್ಮೆ ಕಥೆಯನ್ನು ಅಚ್ಚುಹಾಕಿಸಿ ಹಂಚಿ ನೋಡಿದೆ; ಜನ ಕಾಗದ ನೋಡಿದರೇ ಹೊರತು ಗೋಡೆಯನ್ನು ನೋಡಲಿಲ್ಲ. ಎಲೆ ಉದುರಿದ ಕಾಲದಲ್ಲಿ ಹೋಗಿದ್ದು ಮಾತ್ರ ಫಲ ಕೊಟ್ಟಿತು: ಮರಗಳ ಸಂದಿನಲ್ಲಿ ಹಡ್ಸನ್ ನದಿ ದಾರಿಯುದ್ದಕ್ಕೂ ಕಾಣುತ್ತದೆ.

ಗೋಡೆಯೊಳಗಿನ ಪರ್ಷಿಯನ್ ತೋಟವನ್ನು ಕೊನೆಗೆ ಇಡುತ್ತೇನೆ. ನಾಲ್ಕು ನೀರಿನ ಕಾಲುವೆಗಳು ನಡುವೆ ಕೂಡುವುದನ್ನು ಕಂಡಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ ತೋಟವನ್ನು ನೆನಪಿಸಿದರೆ ಸಾಕು, ನಮ್ಮವರಿಗೆ ಚಾರ್‌ಬಾಗ್, ಅಂದರೆ ನಾಲ್ಕು ಭಾಗ ಮಾಡಿದ ತೋಟ, ಅರ್ಥವಾಗುತ್ತದೆ. ಒಳಗೆ ಎಷ್ಟು ಹೊತ್ತಿಗೆ ಕಾಲಿಡಬೇಕು, ಎಲ್ಲಿ ನಿಂತು ತಿರುಗಿ ನೋಡಬೇಕು ಎಂಬುದನ್ನು ಮಾತ್ರ ಇಲ್ಲಿ ಹೇಳಲಾರೆ. ಅದು ನಾಲ್ಕು ವರ್ಷ ನಡೆದು ಕಂಡುಕೊಂಡದ್ದು.

ಕಳೆದ ಸಲ ಮಂಡ್ಯದ ಕಡೆಯ ನಿವೃತ್ತ ವಕೀಲರೊಬ್ಬರು ಬಂದಿದ್ದರು. ಆ ತೋಟದ ಕಾಲುವೆಯ ಅಂಚಿನಲ್ಲಿ ಕುಳಿತು ಬಹಳ ಹೊತ್ತು ನೀರು ನೋಡಿದ ಮೇಲೆ, “ಸ್ವಾಮಿ, ದಾನಪತ್ರದ ಜೊತೆಗೆ ನೀರು ಹಾಯಿಸುವವನ ಸಂಬಳವನ್ನೂ ಬರೆದಿಡಬೇಕಿತ್ತು” ಎಂದರು.