ಚಳಿಯಲ್ಲಿ ಸ್ಟಾರ್ಟ್ ಆಗದ ಡೀಸೆಲ್ ಕಾರು: ದೋಷವಿದ್ದದ್ದು ಗ್ಲೋ ಪ್ಲಗ್‌ನಲ್ಲಿ

ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ನಮ್ಮ ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಕಾರು, ಬೆಳಿಗ್ಗೆ ಸೆಲ್ಫ್ ಚೆನ್ನಾಗಿ ತಿರುಗಿದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿತ್ತು. ಮಧ್ಯಾಹ್ನ ಈ ತೊಂದರೆ ಇರುತ್ತಿರಲಿಲ್ಲ. ಗ್ಯಾರೇಜಿನವರು ಹೇಳಿದಂತೆ ಹಾಕಿಸಿದ ಹೊಸ ಬ್ಯಾಟರಿ, ಹೊಸ ಡೀಸೆಲ್ ಫಿಲ್ಟರ್, ಇಂಜೆಕ್ಟರ್ ಶುಚಿಗೊಳಿಸುವ ದ್ರಾವಣ, ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಸೆಲ್ಫ್ ವೇಗವಾಗಿಯೇ ತಿರುಗುತ್ತಿರುವಾಗ ಬ್ಯಾಟರಿ ಬದಲಿಸಿ ಎನ್ನುವ ಗ್ಯಾರೇಜಿನ ಸಲಹೆಗೆ ಅರ್ಥವಿಲ್ಲ.

ಕೊನೆಗೆ ಗ್ಲೋ ಪ್ಲಗ್‌ಗಳನ್ನು, ಅಂದರೆ ಚಳಿಯಲ್ಲಿ ಡೀಸೆಲ್ ಹೊತ್ತಿಕೊಳ್ಳಲೆಂದು ಪ್ರತಿ ಸಿಲಿಂಡರಿನ ಒಳಭಾಗವನ್ನು ಬಿಸಿ ಮಾಡುವ ವಿದ್ಯುತ್ ಕಡ್ಡಿಗಳನ್ನು, ಪರೀಕ್ಷಿಸಿದೆ. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ನಾಲ್ಕೂ ಪ್ಲಗ್‌ಗಳನ್ನು ಜೋಡಿಸುವ ಲೋಹದ ಪಟ್ಟಿಯನ್ನು ಪೂರ್ಣವಾಗಿ ಕಳಚಿದ ಮೇಲೆಯೇ ಅಳೆಯಬೇಕು. ಪಟ್ಟಿ ಇದ್ದರೆ ಕೆಟ್ಟ ಪ್ಲಗ್ ಕೂಡ ಪಕ್ಕದ ಒಳ್ಳೆಯ ಪ್ಲಗ್‌ನ ಅಳತೆಯನ್ನೇ ತೋರಿಸುತ್ತದೆ. ವಿದ್ಯುತ್ ರೋಧ ಅಳೆಯಲು ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು, ಒಂದು ಕಡ್ಡಿಯನ್ನು ಪ್ಲಗ್‌ನ ತುದಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದಾಗ, ಎರಡು ಪ್ಲಗ್‌ಗಳು ಸುಮಾರು 1 ಓಮ್ ತೋರಿಸಿದವು. ಉಳಿದೆರಡರಲ್ಲಿ ಸಂಪರ್ಕವೇ ಕಡಿದಿತ್ತು.

ಎಂಜಿನ್ ಬೆಚ್ಚಗಿರುವಾಗ, ಪ್ಲಗ್‌ಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಅವನ್ನು ನಿಧಾನವಾಗಿ ಬಿಚ್ಚಬೇಕು. ಬಲವಂತ ಮಾಡಿದರೆ ಪ್ಲಗ್ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಗೇ ಮುರಿಯಬಹುದು. ಮೊದಲಿದ್ದ ವೋಲ್ಟೇಜಿನವೇ ಆದ ಹೊಸ ಪ್ಲಗ್‌ಗಳನ್ನು ನಾಲ್ಕೂ ಕಡೆ ಹಾಕಿದೆ. ಈಗ ಕೀಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಸುರುಳಿ ಚಿಹ್ನೆಯ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆದರೆ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ.