ಒಂಬತ್ತು ಕ್ರೆಡಿಟ್ ಆರಕ್ಕೆ ಇಳಿದಾಗ

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ವಿದೇಶಿ ವಿದ್ಯಾರ್ಥಿಗಳ ದಾಖಲೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಡಿ.ಎಸ್.ಒ. ಎಂದು ಕರೆಯುವ ಈ ಹುದ್ದೆಗೆ ಅಲ್ಲಿನ ಪೌರರು ಅಥವಾ ಗ್ರೀನ್ ಕಾರ್ಡ್ ಉಳ್ಳವರು ಮಾತ್ರ ಅರ್ಹರಾದ್ದರಿಂದ, ಮೈಸೂರಿನಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದಲು ಬಂದ ನಾನು ಇಲ್ಲಿ ಕೂರುವುದಕ್ಕೆ ಬಹಳ ವರ್ಷ ಕಾಯಬೇಕಾಯಿತು.

ವಿದೇಶಿ ವಿದ್ಯಾರ್ಥಿಗಳ ಮೇಲೆ ಸರ್ಕಾರ ನಿಗಾ ಇಡಲು ನಾವು ಬಳಸುವ ಸೆವಿಸ್ ಎಂಬ ಗಣಕ ವ್ಯವಸ್ಥೆ ಜಾರಿಗೆ ಬಂದದ್ದು 2003ರಲ್ಲಿ. ಸೆಪ್ಟೆಂಬರ್ 2001ರ ದಾಳಿಯಲ್ಲಿ ಸತ್ತ ಇಬ್ಬರು ವಿಮಾನ ಅಪಹರಣಕಾರರಿಗೆ ವಿದ್ಯಾರ್ಥಿಗಳಾಗಿರಲು ಅನುಮತಿ ದೊರೆತಿದೆ ಎಂಬ ಕಾಗದವು ಆರು ತಿಂಗಳ ನಂತರ ಫ್ಲಾರಿಡಾದ ವಿಮಾನ ತರಬೇತಿ ಶಾಲೆಗೆ ಬಂದು ತಲುಪಿತ್ತು. ಹಳೆಯ ಪದ್ಧತಿ ಎಷ್ಟು ಸಡಿಲವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಈಗ ವಿದ್ಯಾರ್ಥಿ ವೀಸಾಕ್ಕೆ ಆಧಾರವಾಗಿ ಸಂಸ್ಥೆ ಕೊಡುವ ಐ-20 ಎಂಬ ಪತ್ರದ ಮೇಲೆ, ಪ್ರತಿ ವಿದ್ಯಾರ್ಥಿಗೂ, 'ಎನ್' ಅಕ್ಷರದಿಂದ ಆರಂಭವಾಗುವ ಒಂದು ಸಂಖ್ಯೆ ಇರುತ್ತದೆ. ಸೆಮಿಸ್ಟರ್ ಶುರುವಾದ 30 ದಿನಗಳೊಳಗೆ ಆ ವಿದ್ಯಾರ್ಥಿ ಪೂರ್ಣ ಪ್ರಮಾಣದಲ್ಲಿ ಓದುತ್ತಿದ್ದಾನೆಂದು ನಾವು ಸೆವಿಸ್‌ನಲ್ಲಿ ದಾಖಲಿಸಬೇಕು. ಅದನ್ನು ಅಳೆಯುವುದು ಕ್ರೆಡಿಟ್‌ನಲ್ಲಿ, ಅಂದರೆ ಪ್ರತಿ ವಿಷಯಕ್ಕೂ ಇರುವ ಓದಿನ ಅಂಶದಲ್ಲಿ; ಪದವಿ ತರಗತಿಯವರಿಗೆ ಸೆಮಿಸ್ಟರಿಗೆ 12 ಕ್ರೆಡಿಟ್ ಬೇಕು. ಸ್ನಾತಕೋತ್ತರದ ಮಿತಿಯನ್ನು ಆಯಾ ಸಂಸ್ಥೆ ನಿಗದಿಪಡಿಸುತ್ತದೆ, ನಮ್ಮಲ್ಲಿ ಅದು 9.

ಮೊದಲ ವರ್ಷ ನಾನು 30 ದಿನಗಳೊಳಗೆ ಎಲ್ಲರ ಹೆಸರನ್ನೂ ನೋಂದಾಯಿಸಿ, ಆ ಸೆಮಿಸ್ಟರಿನ ಕೆಲಸ ಮುಗಿಯಿತೆಂದು ಭಾವಿಸಿದ್ದೆ. ಅಕ್ಟೋಬರ್‌ನಲ್ಲಿ ಒಬ್ಬ ಹುಡುಗ ನಮ್ಮನ್ನು ಕೇಳದೆ ಒಂದು ವಿಷಯ ಕೈಬಿಟ್ಟದ್ದು ನನ್ನ ಕಣ್ಣಿಗೆ ಬಿದ್ದದ್ದು ಡಿಸೆಂಬರ್‌ನಲ್ಲಿ. ಕ್ರೆಡಿಟ್ ಕಡಿಮೆ ಮಾಡಿಕೊಳ್ಳಲು ಅನಾರೋಗ್ಯ, ಇಲ್ಲಿನ ಬೋಧನಾ ಕ್ರಮ ಹೊಸದಾಗಿರುವುದು ಮುಂತಾದ ಕೆಲವೇ ಕಾರಣಗಳಿಗೆ ಅವಕಾಶವಿದೆಯಾದರೂ ಅನುಮತಿಯನ್ನು ವಿಷಯ ಬಿಡುವ ಮೊದಲೇ ಪಡೆದಿರಬೇಕು. ಅವನ ದಾಖಲೆಯನ್ನು ನಾನೇ ರದ್ದುಗೊಳಿಸಬೇಕಾಯಿತು, ಗ್ರಂಥಾಲಯದಲ್ಲಿ ಅವನು ಮಾಡುತ್ತಿದ್ದ ಕೆಲಸವೂ ಅಂದೇ ನಿಂತಿತು. ಸ್ಟೇಟಸ್, ಅಂದರೆ ವಿದ್ಯಾರ್ಥಿಯಾಗಿ ಇಲ್ಲಿ ಉಳಿಯುವ ಹಕ್ಕನ್ನು, ಮರಳಿ ಪಡೆಯಲು ಐ-539 ಅರ್ಜಿ ಹಾಕಿ ಅವನು ತಿಂಗಳುಗಟ್ಟಲೆ ಕಾದನು. ನಾನು ಅಕ್ಟೋಬರ್‌ನಲ್ಲಿ ಒಮ್ಮೆ ಪಟ್ಟಿ ನೋಡಿದ್ದರೆ ತಪ್ಪುತ್ತಿದ್ದ ಕಷ್ಟ ಅದು, ಇಂದಿಗೂ ಆ ನೋವು ನನ್ನಲ್ಲಿದೆ.

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಯಿಂದ ಎಫ್-1 ವಿದ್ಯಾರ್ಥಿಗಳ ಕ್ರೆಡಿಟ್ ಪಟ್ಟಿ ತರಿಸಿ, ಹಿಂದಿನ ವಾರದ ಪಟ್ಟಿಯೊಡನೆ ಹೋಲಿಸುತ್ತೇನೆ. ಆನ್‌ಲೈನ್ ತರಗತಿಗಳನ್ನು ಬೇರೆಯಾಗಿಯೇ ನೋಡಬೇಕು, ಏಕೆಂದರೆ ಪೂರ್ಣ ಪ್ರಮಾಣದ ಲೆಕ್ಕಕ್ಕೆ ಒಂದು ಸೆಮಿಸ್ಟರಿನಲ್ಲಿ ಅಂಥ ಒಂದು ತರಗತಿ, ಹೆಚ್ಚೆಂದರೆ 3 ಕ್ರೆಡಿಟ್ ಮಾತ್ರ ಸೇರುತ್ತದೆ. ವಿಳಾಸ ಬದಲಾದರೆ ವಿದ್ಯಾರ್ಥಿ 10 ದಿನಗಳೊಳಗೆ ತಿಳಿಸಬೇಕೆಂಬ ನಿಯಮವನ್ನು ನೆನಪಿಸುವ ಪತ್ರವೂ ಅಂದೇ ಹೋಗುತ್ತದೆ.

ಹೀಗೆ ನೋಡುತ್ತಿದ್ದಾಗ ಒಂದು ಸೋಮವಾರ ಹಾಸನದ ಕಡೆಯ ಹುಡುಗಿಯೊಬ್ಬಳ ಹೆಸರಿನ ಮುಂದೆ 9 ಇದ್ದದ್ದು 6 ಆಗಿತ್ತು. ಮಧ್ಯಾವಧಿ ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗಿ, ಜೊತೆಯಲ್ಲಿರುವ ಗೆಳತಿಯ ಮಾತು ಕೇಳಿ ಅವಳು ಶುಕ್ರವಾರ ರಾತ್ರಿ ಒಂದು ವಿಷಯ ಬಿಟ್ಟಿದ್ದಳು. ನಾನು ಕೂಡಲೇ ಅವಳನ್ನು ಕರೆಸಿ, ಪಾಠ ಮಾಡುವ ಪ್ರಾಧ್ಯಾಪಕರಿಗೂ ರಿಜಿಸ್ಟ್ರಾರ್ ಕಚೇರಿಗೂ ವಿಷಯ ತಿಳಿಸಿದೆ.

ಅವಳು ನನ್ನೆದುರು ಕುಳಿತಿರುವಾಗಲೇ ಊರಿನಿಂದ ತಂದೆಯ ಫೋನ್ ಬಂತು. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಯನ್ನು ಕಾಯುವ 1974ರ ಅಮೆರಿಕದ ಕಾನೂನಿನ ಪ್ರಕಾರ ಮಗಳ ದಾಖಲೆಯ ಬಗ್ಗೆ ಅವಳ ಒಪ್ಪಿಗೆಯಿಲ್ಲದೆ ಹೆತ್ತವರಿಗೂ ನಾನು ಏನನ್ನೂ ಹೇಳುವಂತಿಲ್ಲವಾದ್ದರಿಂದ, ಅವಳಿಂದ ಸಹಿ ಪಡೆದು ಮಾತಾಡಿದೆ. "ವೀಸಾ ಇನ್ನೂ ನಾಲ್ಕು ವರ್ಷ ಇದೆಯಲ್ಲ ಮೇಡಂ, ಮತ್ತೇನು ತೊಂದರೆ?" ಎಂದು ಅವರು ಕೇಳಿದರು. ಹೆಚ್ಚಿನ ಮನೆಗಳಲ್ಲಿ ಇರುವ ತಿಳಿವಳಿಕೆಯೂ ಅದೇ. ಪಾಸ್‌ಪೋರ್ಟಿನಲ್ಲಿರುವ ವೀಸಾ ಈ ದೇಶದ ಬಾಗಿಲವರೆಗೆ ಬರಲು ಬೇಕಾದದ್ದು, ಒಳಗೆ ಬಂದ ಮೇಲೆ ಇಲ್ಲಿ ಉಳಿಯುವ ಹಕ್ಕು ಪ್ರತಿ ಸೆಮಿಸ್ಟರಿನ ಓದಿಗೆ ಕಟ್ಟಿಕೊಂಡಿದೆ ಎಂದು ನಾನು ವಿವರಿಸಿದೆ. "ಹಾಗಾದ್ರೆ ಮೊದಲು ಅವಳನ್ನ ಆ ಕ್ಲಾಸಿಗೆ ಸೇರಿಸಿಬಿಡಿ ತಾಯಿ," ಎಂದರು.

ಪ್ರಾಧ್ಯಾಪಕರು ಒಪ್ಪಿದ್ದರಿಂದ ಬುಧವಾರದೊಳಗೆ ಅವಳ ಹೆಸರು ಮತ್ತೆ ಸೇರಿತು. ಮರುವರ್ಷದಿಂದ, ನಮ್ಮ ಕಚೇರಿಯ ಒಪ್ಪಿಗೆ ಇಲ್ಲದೆ ಎಫ್-1 ವಿದ್ಯಾರ್ಥಿಗಳು ಪೂರ್ಣ ಪ್ರಮಾಣಕ್ಕಿಂತ ಕೆಳಗಿಳಿಯಲಾಗದಂತೆ ನೋಂದಣಿ ವ್ಯವಸ್ಥೆಯಲ್ಲೇ ತಡೆ ಹಾಕಿಸಿದೆವು. ಬಿಡಬೇಕೆಂದಿದ್ದ ಆ ವಿಷಯದಲ್ಲಿ ಅವಳಿಗೆ ಬಿ ಬಂತು.